ವಿಟಮಿನ್ ಮಾತ್ರೆ: ಮೊದಲು ತಟ್ಟೆ ನೋಡಿ, ಆಮೇಲೆ ಸ್ಟ್ರಿಪ್ಪಿನ ಹಿಂಬದಿ

ಮೆಡಿಕಲ್ ಶಾಪಿನಲ್ಲಿ ನಿಂತು "ಯಾಕೋ ಸುಸ್ತು, ಒಂದೊಳ್ಳೆ ವಿಟಮಿನ್ ಕೊಡಿ" ಅಂದರೆ ಕೈಗೆ ಬರುವುದು ಇಪ್ಪತ್ತು ಮೂವತ್ತು ಅಂಶಗಳಿರುವ ಮಲ್ಟಿವಿಟಮಿನ್. ಅದರಲ್ಲಿ ಎಲ್ಲವೂ ಇರುತ್ತದೆ, ನಿಮಗೆ ಬೇಕಾದದ್ದು ಬೇಕಾದಷ್ಟು ಇರುವುದಿಲ್ಲ. ಇದರಲ್ಲಿ ಕಂಪನಿಯ ತಪ್ಪೇನಿಲ್ಲ, ಜಾಗದ ಪ್ರಶ್ನೆ ಅಷ್ಟೆ. ದೊಡ್ಡವರಿಗೆ ದಿನಕ್ಕೆ ಬೇಕಾದ 1000 ಮಿ.ಗ್ರಾಂ ಕ್ಯಾಲ್ಸಿಯಂ ಕೊಡಬೇಕಾದರೆ ಎರಡೂವರೆ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಬೇಕು. ಒಂದು ಮಾತ್ರೆಯಲ್ಲಿ ಅದೇ ಹಿಡಿಸುವುದಿಲ್ಲ, ಇನ್ನು ಉಳಿದ ಇಪ್ಪತ್ತೊಂಬತ್ತಕ್ಕೆ ಜಾಗ ಎಲ್ಲಿ?

ನಮ್ಮ ಊಟದ ರೂಢಿಯಲ್ಲಿ ನಿಜವಾಗಿ ಕೊರತೆ ಬೀಳುವುದು ನಾಲ್ಕೈದು ಮಾತ್ರ: ಬಿ12, ಡಿ, ಕಬ್ಬಿಣ, ಕೆಲವರಿಗೆ ಕ್ಯಾಲ್ಸಿಯಂ, ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳಿಗೆ ಫೋಲಿಕ್ ಆಸಿಡ್. ಆದ್ದರಿಂದ ಯಾವ ಬ್ರಾಂಡ್ ಒಳ್ಳೆಯದು ಅನ್ನುವುದು ಆಮೇಲಿನ ಮಾತು. ನಿಮ್ಮ ತಟ್ಟೆಯಲ್ಲಿ ಏನು ಕಮ್ಮಿ ಅನ್ನುವುದು ಮೊದಲು ಗೊತ್ತಾಗಬೇಕು.

ಮೂರು ದಿನದ ಲೆಕ್ಕ

ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. ಅದರಲ್ಲಿ ಒಂದು ದಿನ ಭಾನುವಾರವಿರಲಿ. ಕಾಫಿಗೆ ಹಾಕಿದ ಹಾಲು, ನಡುವೆ ಬಾಯಾಡಿಸಿದ ಕಡಲೆಬೀಜ, ಎಲ್ಲವೂ ಬರಲಿ. ಅದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ದಿನದ ಪ್ರಮಾಣದ ಪಕ್ಕದಲ್ಲಿಡಿ. ದೊಡ್ಡವರಿಗೆ ಕ್ಯಾಲ್ಸಿಯಂ 1000 ಮಿ.ಗ್ರಾಂ, ಬಿ12 2.2 ಮೈಕ್ರೋಗ್ರಾಂ, ಡಿ 600 ಐಯು (ವಿಟಮಿನ್ ಅಳೆಯುವ ಒಂದು ಮಾನ), ಕಬ್ಬಿಣ ಗಂಡಸರಿಗೆ 19 ಮತ್ತು ಹೆಂಗಸರಿಗೆ 29 ಮಿ.ಗ್ರಾಂ.

ಕ್ಯಾಲ್ಸಿಯಂ ಲೆಕ್ಕ ಹೀಗೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 360 ಮಿ.ಗ್ರಾಂ, ಅಂದರೆ ಒಂದು ಒಳ್ಳೆಯ ಮುದ್ದೆಯಷ್ಟು. ಎರಡು ಲೋಟ, ಅಂದರೆ 400 ಮಿ.ಲೀ. ಹಾಲಿನಲ್ಲಿ 450ರಿಂದ 480. ಒಂದು ದೊಡ್ಡ ಚಮಚ ಎಳ್ಳಿನ ಪುಡಿಯಲ್ಲಿ ನೂರರ ಮೇಲೆ. ದಿನಾ ಮುದ್ದೆ ಉಂಡು, ಎರಡು ಲೋಟ ಹಾಲು ಮೊಸರು ಕುಡಿಯುವ ಮಂಡ್ಯದ ಮನೆಗೆ ಕ್ಯಾಲ್ಸಿಯಂ ಮಾತ್ರೆ ಬಹುಮಟ್ಟಿಗೆ ಬೇಕಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸ್ವಲ್ಪ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ ನಿಜ. ಮೊಳಕೆ ಕಟ್ಟಿ ಹುರಿದ ಹಿಟ್ಟು, ಹುಳಿ ಬಂದ ಅಂಬಲಿ ಇವೆರಡರಲ್ಲೂ ಆ ಹಿಡಿತ ಸಡಿಲವಾಗುತ್ತದೆ. ಜೋಳಕ್ಕೆ ಈ ಅನುಕೂಲ ಇಲ್ಲ: 100 ಗ್ರಾಂ ಜೋಳದಲ್ಲಿ 30 ಮಿ.ಗ್ರಾಂ ಸಹ ಇರುವುದಿಲ್ಲ. ರೊಟ್ಟಿ ಊಟದವರು ಎಳ್ಳು, ಸೊಪ್ಪಿನ ಪಲ್ಯ, ಮೊಸರಿನಿಂದಲೇ ಅದನ್ನು ತುಂಬಿಕೊಳ್ಳಬೇಕು.

ಬಿ12 ಗಿಡದ ಆಹಾರದಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ. ಸಸ್ಯಾಹಾರಿಗೆ ಅದು ಬರುವುದು ಹಾಲು ಮೊಸರಿನಿಂದ, 100 ಮಿ.ಲೀ. ಹಾಲಿಗೆ 0.4 ಮೈಕ್ರೋಗ್ರಾಂ ಆಸುಪಾಸು. ಎರಡು ಕಾಫಿಗೆ ಹಾಕಿದ ಹಾಲು, ಒಂದು ಸೌಟು ಮಜ್ಜಿಗೆ, ಅಷ್ಟಕ್ಕೇ ದಿನ ಮುಗಿಯುವವರಿಗೆ ಬಿ12 ಮಾತ್ರೆ ಖಂಡಿತ ಬೇಕಾಗಬಹುದು. ವಾರಕ್ಕೆ ಮೂರು ದಿನ ಬೂತಾಯಿಯೋ ಬಂಗುಡೆಯೋ ತಿನ್ನುವ ಕರಾವಳಿಯವರಿಗೆ ಬಿ12 ಚಿಂತೆಯಿಲ್ಲ, ಡಿ ಸಹ ಸ್ವಲ್ಪ ಸಿಗುತ್ತದೆ.

ಡಿ ಮಾತ್ರ ತಟ್ಟೆಯ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಬಿಸಿಲಿನ ಲೆಕ್ಕ. ಎಳೆಬಿಸಿಲು ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮಾತ್ರ ಚರ್ಮ ಸರಿಯಾಗಿ ಡಿ ತಯಾರಿಸುತ್ತದೆ. ಗಾಜಿನ ಕಿಟಕಿಯ ಪಕ್ಕ ಕೂತರೆ ಸೆಕೆ ಸಿಗುತ್ತದೆ, ಡಿ ಸಿಗುವುದಿಲ್ಲ.

ಲೆಕ್ಕದಲ್ಲಿ ಮರೆತುಹೋಗುವ ಒಂದು ಬಾಬ್ತು ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಸಾರವರ್ಧಿತ ಅಕ್ಕಿ ಸಿಕ್ಕಿದ್ದರೆ ಅದರಲ್ಲಿ ನೂರಕ್ಕೆ ಒಂದರಂತೆ ಬೇರೆ ಕಾಳು ಬೆರೆಸಿರುತ್ತಾರೆ. ಅದರಲ್ಲಿ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಇರುತ್ತದೆ. ಅದನ್ನೇ "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆದು, ಆಮೇಲೆ ಮೆಡಿಕಲ್ಲಿಗೆ ಹೋಗಿ ಅದೇ ಮೂರನ್ನು ದುಡ್ಡು ಕೊಟ್ಟು ತರುವವರಿದ್ದಾರೆ. ಹಾಲು, ಎಣ್ಣೆಯ ಪ್ಯಾಕೆಟ್ಟಿನ ಮೇಲೆ '+ಎಫ್' ಗುರುತಿದ್ದರೆ ಎ ಮತ್ತು ಡಿ ಸೇರಿಸಿದ್ದಾರೆ ಎಂದರ್ಥ.

ಅಡುಗೆಮನೆಯಲ್ಲೇ ಸರಿಪಡಿಸಬಹುದಾದದ್ದನ್ನು ಮೊದಲು ಸರಿಪಡಿಸಿ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಫೋಲೇಟ್ (ಆಹಾರದಲ್ಲಿರುವ ಫೋಲಿಕ್ ಆಸಿಡ್), ವಿಟಮಿನ್ ಸಿ ಅದರ ಜೊತೆಗೇ ಹೋಗುತ್ತವೆ. ಬಸ್ಸಾರಿನಲ್ಲಿ ಬಸಿದ ನೀರೇ ಸಾರಾಗುವುದರಿಂದ ಬಹುಪಾಲು ಹೊಟ್ಟೆಗೇ ಸೇರುತ್ತದೆ. ಕೋಸಂಬರಿಗೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ, ಕಾಳು ಸೊಪ್ಪಿನ ಕಬ್ಬಿಣ ಒಳಗೆ ಇಳಿಯಲು ಆ ಹುಳಿ ಬೇಕು. ಊಟವಾದ ತಕ್ಷಣದ ಕಾಫಿ ಟೀ ಅದರ ವಿರುದ್ಧ ಕೆಲಸ ಮಾಡುತ್ತದೆ. ಒಂದು ಗಂಟೆ ಮುಂದೆ ತಳ್ಳಿ.

ಅಳೆಯದೆ ಶುರು ಮಾಡಬೇಡಿ

ಬಿ12, ಡಿ, ಕಬ್ಬಿಣ ಮೂರಕ್ಕೂ ರಕ್ತಪರೀಕ್ಷೆ ಇದೆ. ಮಾತ್ರೆ ಶುರು ಮಾಡುವ ಮೊದಲೇ ಮಾಡಿಸಬೇಕು. ನಾಲ್ಕು ದಿನ ಬಿ12 ನುಂಗಿ ಆಮೇಲೆ ಪರೀಕ್ಷೆಗೆ ಹೋದರೆ ಅಂಕಿ ಏರಿಯೇ ಇರುತ್ತದೆ, ಕೊರತೆ ಇತ್ತೋ ಇಲ್ಲವೋ ಎನ್ನುವುದು ಆ ವರದಿಯಿಂದ ತಿಳಿಯುವುದಿಲ್ಲ. ಸಾಮಾನ್ಯವಾಗಿ ಬಿ12 200 ಪಿ.ಗ್ರಾಂ/ಮಿ.ಲೀ.ಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಅನುಮಾನದ ಜಾಗ. ಡಿ 20 ನ್ಯಾ.ಗ್ರಾಂ/ಮಿ.ಲೀ.ಗಿಂತ ಕೆಳಗಿದ್ದರೆ ಕೊರತೆ. ಕಬ್ಬಿಣಕ್ಕೆ ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ನೋಡಬೇಕು. ದೇಹದ ಕಣಜದಲ್ಲಿ ಎಷ್ಟು ಕಬ್ಬಿಣದ ದಾಸ್ತಾನಿದೆ ಎಂದು ಹೇಳುವುದು ಅದು.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರು, ಗ್ಯಾಸ್ಟ್ರಿಕ್ ಎಂದು ದಿನಾ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನುಂಗುವವರು ಮಾಂಸಾಹಾರಿಗಳಾದರೂ ಬಿ12 ನೋಡಿಸಿಕೊಳ್ಳಬೇಕು. ಎರಡೂ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸುತ್ತವೆ. ಇನ್ನೊಂದು ಎಡವಟ್ಟು: ರಕ್ತ ಕಮ್ಮಿ ಎಂದು ಬರೀ ಫೋಲಿಕ್ ಆಸಿಡ್ ತಿನ್ನುವುದು. ರಕ್ತದ ಅಂಕಿ ಸುಧಾರಿಸುತ್ತದೆ, ಒಳಗೆ ಬಿ12 ಕೊರತೆ ಹಾಗೇ ಉಳಿದು ನರಗಳನ್ನು ತಿನ್ನುತ್ತಿರುತ್ತದೆ. ಅಂಗಾಲು ಜುಮ್ಮೆನ್ನುವುದು ಶುರುವಾದಾಗಲೇ ಗೊತ್ತಾಗುವುದು.

ಸ್ಟ್ರಿಪ್ಪನ್ನು ತಿರುಗಿಸಿ

ಒಂದು ಸಾಧಾರಣ ಕ್ಯಾಲ್ಸಿಯಂ ಸ್ಟ್ರಿಪ್ ಕೈಗೆತ್ತಿಕೊಳ್ಳಿ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಹೀಗಿರುತ್ತದೆ: ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ, ಅದು ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂಗೆ ಸಮ, ವಿಟಮಿನ್ ಡಿ3 250 ಐಯು. ಇಲ್ಲಿ ಲೆಕ್ಕಕ್ಕೆ ಬರುವುದು ಎಲಿಮೆಂಟಲ್, ಅಂದರೆ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಉಳಿದದ್ದು ಕಾರ್ಬೊನೇಟಿನ ತೂಕ. ಕಾರ್ಬೊನೇಟಿನಲ್ಲಿ ನೂರಕ್ಕೆ 40 ಭಾಗ ಕ್ಯಾಲ್ಸಿಯಂ, ಸಿಟ್ರೇಟಿನಲ್ಲಿ 21 ಭಾಗ. ಡಬ್ಬಿಯ ಮುಂದೆ ದೊಡ್ಡದಾಗಿ "ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ" ಎಂದಿದ್ದರೆ ಒಳಗಿರುವ ಕ್ಯಾಲ್ಸಿಯಂ 210 ಮಿ.ಗ್ರಾಂ. ಎಲಿಮೆಂಟಲ್ ಎಷ್ಟು ಎಂದು ಬರೆಯದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಕೆಲವು ಸ್ಟ್ರಿಪ್ಪಿನಲ್ಲಿ "ಆರ್ಗಾನಿಕ್ ಮೂಲದಿಂದ" ಎಂದು ಬರೆದು ಪಕ್ಕದಲ್ಲೇ "ಆಯ್‌ಸ್ಟರ್ ಶೆಲ್" ಎಂದಿರುತ್ತದೆ. ಅದು ಕಡಲ ಚಿಪ್ಪು. ಮಡಿವಂತ ಮನೆಯ ಅಜ್ಜಿಗೆ ತರುವಾಗ ಇದನ್ನು ನೋಡಿಕೊಂಡರೆ ಒಳ್ಳೆಯದು.

ಕಬ್ಬಿಣಕ್ಕೂ ಇದೇ ನಿಯಮ. ಫೆರಸ್ ಫ್ಯೂಮರೇಟಿನಲ್ಲಿ ಮೂರನೇ ಒಂದು ಭಾಗ ಕಬ್ಬಿಣ, ಗ್ಲುಕೊನೇಟಿನಲ್ಲಿ ಎಂಟನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಗರ್ಭಿಣಿಯರಿಗೆ ಪುಕ್ಕಟೆಯಾಗಿ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಎಲಿಮೆಂಟಲ್ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಅದನ್ನು ಕಪಾಟಿನಲ್ಲಿಟ್ಟು ದುಬಾರಿ ಕಬ್ಬಿಣದ ಸಿರಪ್ ಕುಡಿಯುವುದರಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲ.

ಆಮೇಲೆ ಇದು ಔಷಧಿಯೋ ಆಹಾರವೋ ನೋಡಿ. ಔಷಧಿಯಾದರೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರುತ್ತದೆ, ಅಂಶದ ಹೆಸರಿನ ಪಕ್ಕ ಹಲವು ಕಡೆ 'ಐಪಿ' ಎಂದಿರುತ್ತದೆ. ಅಂದರೆ ಭಾರತೀಯ ಔಷಧಕೋಶದ ಮಾನದಂಡ. ಆಹಾರ ಪೂರಕವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ಸಂಖ್ಯೆ, 'ಹೆಲ್ತ್ ಸಪ್ಲಿಮೆಂಟ್' ಮತ್ತು 'ಔಷಧೀಯ ಬಳಕೆಗಲ್ಲ' ಅನ್ನುವ ಮಾತು ಇರಲೇಬೇಕು. ಆ 14 ಅಂಕಿಯನ್ನು ಅದೇ ಪ್ರಾಧಿಕಾರದ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯೇ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಕೊರತೆ ಕಂಡಿದ್ದರೆ ಔಷಧಿ ಲೈಸೆನ್ಸಿನದ್ದನ್ನೇ ತೆಗೆದುಕೊಳ್ಳಿ. ಆಹಾರ ಪೂರಕ ಬಿಟ್ಟುಹೋದ ಚೂರುಪಾರು ತುಂಬಲಿಕ್ಕೆ.

ಆಹಾರ ಪೂರಕದ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು 'ಪರ್ ಸರ್ವಿಂಗ್' ಅನ್ನುವ ಸಾಲು. ಒಂದು ಸರ್ವಿಂಗ್ ಅಂದರೆ ಎರಡು ಮಾತ್ರೆಯೋ ಮೂರು ಗಮ್ಮಿಯೋ ಅಲ್ಲೇ ಇರುತ್ತದೆ. ಅರವತ್ತು ಮಾತ್ರೆಯ ಡಬ್ಬಿ ಎರಡು ತಿಂಗಳು ಬರುತ್ತದೆ ಅಂದುಕೊಂಡದ್ದು ಒಂದೇ ತಿಂಗಳಿಗೆ ಮುಗಿಯುವುದು ಇದರಿಂದ. ದರ ಹೋಲಿಸುವಾಗ ಡಬ್ಬಿಗೆ ಡಬ್ಬಿ ಹೋಲಿಸಬೇಡಿ, ದಿನದ ಖರ್ಚು ಎಷ್ಟು ಎಂದು ನೋಡಿ. 'ಪ್ರೊಪ್ರೈಟರಿ ಬ್ಲೆಂಡ್ 500 ಮಿ.ಗ್ರಾಂ' ಎಂದು ಬರೆದು, ಒಳಗಿನ ಎಂಟು ಅಂಶಗಳ ಬಿಡಿ ಪ್ರಮಾಣ ಹೇಳದಿದ್ದರೆ ಅದು ಕೊಳ್ಳುವ ವಸ್ತುವಲ್ಲ. ಗಮ್ಮಿ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಸಕ್ಕರೆ ಇರುವ ಮಿಠಾಯಿ.

ಬ್ರಾಂಡ್ ಹೆಸರಿನ ಬಾಲದ ಮೇಲೂ ಕಣ್ಣಿರಲಿ. ಫೋರ್ಟೆ, ಪ್ಲಸ್, ಎಕ್ಸ್‌ಟಿ, ಎಚ್‌ಡಿ. ಅದೇ ಹೆಸರು, ಅದೇ ಬಣ್ಣ, ಒಳಗೆ ಬೇರೆಯೇ ಸಾಮಾನು. "ಹೋದ ಸಲ ತಂದದ್ದೇ" ಎಂದು ಫೋನಿನಲ್ಲಿ ಹೇಳಿ ತರಿಸಿದಾಗ ಹೆಚ್ಚು ಎಡವುವುದು ಇಲ್ಲೇ. ಖಾಲಿ ಸ್ಟ್ರಿಪ್ಪಿನ ಎರಡೂ ಬದಿ ಫೋಟೋ ತೆಗೆದಿಡಿ. ಅದೇ ಅಂಶ, ಅದೇ ಪ್ರಮಾಣ ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಅಲ್ಲೇ ತನ್ನಿ. ಹೆಚ್ಚು ದುಡ್ಡು ಕೊಟ್ಟ ಮಾತ್ರಕ್ಕೆ ಸಯನೊಕೊಬಾಲಮಿನ್ (ಮಾತ್ರೆಯಲ್ಲಿರುವ ಬಿ12) ಇನ್ನಷ್ಟು ಒಳ್ಳೆಯ ಸಯನೊಕೊಬಾಲಮಿನ್ ಆಗುವುದಿಲ್ಲ.

ಬಿ12 ಮಾತ್ರೆಯಲ್ಲಿ 500, 1000, 1500 ಮೈಕ್ರೋಗ್ರಾಂ ಕಂಡು ಗಾಬರಿಯಾಗಬೇಡಿ. ಬೇಕಾದದ್ದು 2.2 ಮಾತ್ರ, ಆದರೆ ಹೊಟ್ಟೆಯಲ್ಲಿರುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂ ಸಾಗಿಸಿ ಕೈಚೆಲ್ಲುತ್ತದೆ. ಉಳಿದದ್ದರಲ್ಲಿ ನೂರಕ್ಕೆ ಒಂದು ಭಾಗ ಮಾತ್ರ ತಾನಾಗಿ ನುಸುಳುತ್ತದೆ. ಸಾವಿರ ಕೊಟ್ಟರೆ ಹತ್ತು ದಕ್ಕುತ್ತದೆ, ಲೆಕ್ಕ ಸರಿಹೋಗುತ್ತದೆ.

ಡಿ3 60,000: ವಾರಕ್ಕೊಂದು

ಡಿ ಕೊರತೆಗೆ ಇಲ್ಲಿ ಹೆಚ್ಚಾಗಿ ಬರೆದುಕೊಡುವುದು 60,000 ಐಯು ಕ್ಯಾಪ್ಸೂಲ್ ಅಥವಾ ಸ್ಯಾಷೆ, ವಾರಕ್ಕೊಂದರಂತೆ ಎಂಟು ವಾರ. ಅತಿ ದೊಡ್ಡ ಅನಾಹುತ ನಡೆಯುವುದೂ ಇಲ್ಲೇ. ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದಿದ್ದದ್ದು ಬಾಯಿಮಾತಿನಲ್ಲಿ 'ರಾತ್ರಿ ಒಂದು' ಆಗುತ್ತದೆ, ಮನೆಯ ಹಿರಿಯರು ದಿನಾ ನುಂಗುತ್ತಾರೆ. ಸಾಮಾನ್ಯರಿಗೆ ದಿನದ ಸುರಕ್ಷಿತ ಮೇಲ್ಮಿತಿ 4000 ಐಯು; ಇದು ಅದರ ಹದಿನೈದು ಪಟ್ಟು. ಡಿ ಕೊಬ್ಬಿನಲ್ಲಿ ಶೇಖರವಾಗುವ ವಿಟಮಿನ್, ಮೂತ್ರದಲ್ಲಿ ಹೊರಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ವಿಪರೀತ ದಾಹ, ಮೇಲಿಂದ ಮೇಲೆ ಮೂತ್ರ, ಮಂಕು ಕವಿದಂತಿರುವುದು ಕಾಣಿಸಿಕೊಂಡು ಕೊನೆಗೆ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ.

ತಪ್ಪಿಸುವ ದಾರಿ ಸುಲಭ. ವಾರದಲ್ಲಿ ಒಂದು ದಿನ ನಿಗದಿ ಮಾಡಿ, ಭಾನುವಾರವೆಂದರೆ ಭಾನುವಾರ. ಸ್ಟ್ರಿಪ್ಪಿನ ಪ್ರತಿ ಗುಳಿಯ ಹಿಂದೆ ಪರ್ಮನೆಂಟ್ ಮಾರ್ಕರಿನಲ್ಲಿ ತಾರೀಖು ಬರೆಯಿರಿ. ದಿನದ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಇಡಬೇಡಿ, ಬೇರೆಯೇ ಇರಲಿ. ಹಿಂದೆ ಎಲ್ಲಾದರೂ 3 ಲಕ್ಷ, 6 ಲಕ್ಷ ಐಯು ಇಂಜೆಕ್ಷನ್ ಆಗಿದ್ದರೆ ವೈದ್ಯರಿಗೆ ಹೇಳದೆ ಕ್ಯಾಪ್ಸೂಲ್ ಶುರು ಮಾಡಬೇಡಿ. ಒಂದು ಮೈಕ್ರೋಗ್ರಾಂ ಅಂದರೆ 40 ಐಯು ಅನ್ನುವುದು ನೆನಪಿರಲಿ. ಡಬ್ಬಿಯಲ್ಲಿ 25 ಮೈಕ್ರೋಗ್ರಾಂ ಎಂದಿದ್ದರೆ 1000 ಐಯು.

ಅಮೆರಿಕದಿಂದ ಮಗ, ಸೊಸೆ ತರುವ ದೊಡ್ಡ ಡಬ್ಬಿಗಳಿಗೂ ಇದೇ ಕಣ್ಣು ಬೇಕು. ಅಲ್ಲಿ 5000 ಐಯು ಡಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ದಿನಾ ನುಂಗುವುದಕ್ಕೆ ಅದು ಮೇಲ್ಮಿತಿ ದಾಟಿದ್ದು. 'ವಿಮೆನ್ಸ್' ಎಂದಿರುವ ಮಲ್ಟಿವಿಟಮಿನ್ನಿನಲ್ಲಿ ಸಾಮಾನ್ಯವಾಗಿ 18 ಮಿ.ಗ್ರಾಂ ಕಬ್ಬಿಣ ಇರುತ್ತದೆ, '50 ಪ್ಲಸ್' ಎಂದಿರುವುದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಮುಟ್ಟು ನಿಂತ ಅಮ್ಮನಿಗೆ, ಅಪ್ಪನಿಗೆ ಎರಡನೆಯದೇ ಸರಿ. 'ಯುಎಸ್‌ಪಿ ವೆರಿಫೈಡ್' ಮುದ್ರೆ ಇದ್ದರೆ ಬರೆದಷ್ಟು ಅಂಶ ಒಳಗಿದೆ, ಮಾತ್ರೆ ಕರಗುತ್ತದೆ ಎಂದು ಹೊರಗಿನವರು ಪರೀಕ್ಷಿಸಿದ್ದಾರೆ ಎಂದರ್ಥ. ಇಂಗ್ಲೆಂಡಿನಲ್ಲಿರುವವರಿಗೆ ಚಳಿಗಾಲ ಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ತೆಗೆದುಕೊಳ್ಳಿ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಅಷ್ಟೇ ಸಾಕು.

ಯಾವುದು ಯಾವಾಗ

ಒಳ್ಳೆಯ ಮಾತ್ರೆಯನ್ನು ತಪ್ಪು ಹೊತ್ತಿನಲ್ಲಿ ನುಂಗಿದರೆ ಅರ್ಧ ದುಡ್ಡು ದಂಡ. ಥೈರಾಯ್ಡ್ ಮಾತ್ರೆ ತಿನ್ನುವವರ ದಿನ ಅದರಿಂದಲೇ ಶುರುವಾಗಬೇಕು: ಬರೀ ಹೊಟ್ಟೆ, ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯಿಲ್ಲ. ಅದಾಗಿ ನಾಲ್ಕು ಗಂಟೆ ಕ್ಯಾಲ್ಸಿಯಂ, ಕಬ್ಬಿಣ ಮುಟ್ಟಬೇಡಿ. ಬೆಳಿಗ್ಗೆ ಎಲ್ಲವನ್ನೂ ಒಂದೇ ಗುಕ್ಕಿಗೆ ನುಂಗಿ, ರಕ್ತಪರೀಕ್ಷೆಯ ಥೈರಾಯ್ಡ್ ಅಂಕಿಯಾದ ಟಿಎಸ್‌ಎಚ್ ಇಳಿಯುತ್ತಿಲ್ಲ ಎಂದು ಥೈರಾಯ್ಡ್ ಡೋಸ್ ಏರಿಸಿಕೊಳ್ಳುವವರು ಕಡಿಮೆಯಿಲ್ಲ.

ಕಬ್ಬಿಣಕ್ಕೆ ಖಾಲಿ ಹೊಟ್ಟೆ ಮೇಲು. ತಿಂಡಿಯಾಗಿ ಎರಡು ಗಂಟೆಯ ನಂತರ ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು, ಮಜ್ಜಿಗೆಯ ಜೊತೆ ಬೇಡ. ಹೊಟ್ಟೆ ತೊಳಸಿದರೆ ಊಟದ ಜೊತೆ ತಿನ್ನಿ, ಸ್ವಲ್ಪ ಕಡಿಮೆ ಹೀರಿಕೆಯಾದರೂ ಬಿಟ್ಟುಬಿಡುವುದಕ್ಕಿಂತ ವಾಸಿ. ಮಲ ಕಪ್ಪಾಗುವುದು ಸಹಜ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ಇರಲಿ. ಸಿಟ್ರೇಟ್ ಯಾವಾಗಲಾದರೂ ನಡೆಯುತ್ತದೆ, ಗ್ಯಾಸ್ಟ್ರಿಕ್ ಮಾತ್ರೆ ತಿನ್ನುವವರಿಗೆ ಅದೇ ಸರಿ. ಒಂದು ಸಲಕ್ಕೆ 500 ಮಿ.ಗ್ರಾಂಗಿಂತ ಹೆಚ್ಚು ಬೇಡ, ಕಬ್ಬಿಣದಿಂದ ಎರಡು ಗಂಟೆ ದೂರವಿರಲಿ. ಡಿ, ಇ, ಎ ಕೊಬ್ಬಿನಲ್ಲಿ ಕರಗುವಂಥವು, ತುಪ್ಪ ಎಣ್ಣೆ ಇರುವ ಮಧ್ಯಾಹ್ನದ ಊಟದ ಜೊತೆ. ಬಿ ಕಾಂಪ್ಲೆಕ್ಸ್ ತಿಂಡಿಯಾದ ಮೇಲೆ. ಮೂತ್ರ ಗಾಢ ಹಳದಿಯಾದರೆ ಅದು ರೈಬೋಫ್ಲಾವಿನ್ ಬಣ್ಣ, ಕಾಮಾಲೆ ಅಲ್ಲ.

ಕೇಳದೆ ಕೊಳ್ಳಬಾರದವರು

ಮೂತ್ರಪಿಂಡದ ತೊಂದರೆ, ಕಲ್ಲು ಇರುವವರು ಕ್ಯಾಲ್ಸಿಯಂ, ಡಿ ಮತ್ತು ದಿನಕ್ಕೆ 1000 ಮಿ.ಗ್ರಾಂ ವಿಟಮಿನ್ ಸಿ ಕಡೆ ಹೋಗಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್‌ಫರಿನ್ ತಿನ್ನುವವರು ವಿಟಮಿನ್ ಕೆ ಇರುವುದನ್ನು ಹೇಳದೆ ಶುರು ಮಾಡಬಾರದು. ಗರ್ಭಿಣಿಯರಿಗೆ ರೆಟಿನಾಲ್ ರೂಪದ ವಿಟಮಿನ್ ಎ ಹೆಚ್ಚಾದರೆ ಮಗುವಿಗೆ ಅಪಾಯ. ಬೀಡಿ ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಬೇಡ. 1994ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ದೊಡ್ಡ ಅಧ್ಯಯನದಲ್ಲಿ ಅದನ್ನು ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಥಲಸ್ಸೀಮಿಯ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರಿಗೆ ಕಬ್ಬಿಣ ವಿಷವಾಗಬಹುದು. ಕೊರೊನಾ ಕಾಲದಿಂದ ಜಿಂಕ್ ನುಂಗುವ ಅಭ್ಯಾಸ ಬಿಡದವರು ಎಲಿಮೆಂಟಲ್ ಜಿಂಕ್ ಎಷ್ಟು ಎಂದು ನೋಡಿಕೊಳ್ಳಿ. ದಿನಕ್ಕೆ 40 ಮಿ.ಗ್ರಾಂ ಮೀರಿ ಬಹುಕಾಲ ತಿಂದರೆ ತಾಮ್ರದ ಕೊರತೆ ಬರುತ್ತದೆ. ಬಿ6 ಸಹ ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ನರಕ್ಕೆ ಹಾನಿ. ನರದ ಶಕ್ತಿಗೆಂದು ತಿಂದದ್ದೇ ಕಾಲು ಮರಗಟ್ಟಿಸುತ್ತದೆ.

ಮನೆಗೆ ತಂದ ಮೇಲೆ

ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಕರಗುತ್ತದೆಯೇ ಎಂದು ಮನೆಯಲ್ಲೇ ನೋಡಬಹುದು. ಅರ್ಧ ಲೋಟ ಬಿಳಿ ವಿನಿಗರ್‌ನಲ್ಲಿ ಹಾಕಿ ಐದು ನಿಮಿಷಕ್ಕೊಮ್ಮೆ ಕಲಕಿ. ಅರ್ಧ ಗಂಟೆಯಲ್ಲಿ ಗುಳ್ಳೆ ಬಿಟ್ಟು ಪುಡಿಯಾಗಿರಬೇಕು. ಬೆಣಚುಕಲ್ಲಿನಂತೆ ತಳದಲ್ಲಿ ಕೂತಿದ್ದರೆ ಹೊಟ್ಟೆಯಲ್ಲೂ ಬಹುಶಃ ಹಾಗೇ ಕೂರುತ್ತದೆ, ಬ್ರಾಂಡ್ ಬದಲಿಸಿ. ನಿಧಾನ ಬಿಡುಗಡೆಯ ಮಾತ್ರೆಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಮಂಗಳೂರು, ಕಾರವಾರದ ಮಳೆಗಾಲದಲ್ಲಿ ದೊಡ್ಡ ಡಬ್ಬಿ ಕೊಳ್ಳಬೇಡಿ. ದಿನಾ ಮುಚ್ಚಳ ತೆಗೆದಂತೆಲ್ಲ ತೇವ ಒಳಗೆ ಹೋಗುತ್ತದೆ, ವಿಟಮಿನ್ ಸಿ ಮಾತ್ರೆಯ ಮೇಲೆ ಕಂದು ಚುಕ್ಕೆ ಏಳುತ್ತದೆ. ಅಲ್ಯೂಮಿನಿಯಂ ಸ್ಟ್ರಿಪ್ಪಿನಲ್ಲಿ ಬರುವುದೇ ವಾಸಿ. ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ. ಒಲೆಯ ಮೇಲಿನ ಕಪಾಟು, ಫ್ರಿಜ್ಜಿನ ಬಾಗಿಲು ಎರಡೂ ಬೇಡ. ಸಕ್ಕರೆ ಲೇಪದ ಕಬ್ಬಿಣದ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮೆಂಟು. ಬೆರಳೆಣಿಕೆಯಷ್ಟು ನುಂಗಿದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ಎತ್ತರದಲ್ಲಿ, ಬೀಗದೊಳಗೆ ಇಡಿ. ಮಗು ತಿಂದಿರಬಹುದು ಎಂಬ ಅನುಮಾನ ಬಂದರೆ ವಾಂತಿ ಮಾಡಿಸುತ್ತ ಕೂರದೆ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡಿ.

ಶುರು ಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಡಿಗೆ ಹನ್ನೆರಡು ವಾರದ ನಂತರ ಮರುಪರೀಕ್ಷೆ. ಕಬ್ಬಿಣಕ್ಕೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ನೋಡಿ, ಅದು ಸರಿಯಾದ ಮೇಲೂ ಕಣಜ ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಹಿಮೋಗ್ಲೋಬಿನ್ ಏರಿತೆಂದು ಅಲ್ಲಿಗೇ ನಿಲ್ಲಿಸಿದವರು ಆರು ತಿಂಗಳಿಗೆ ಮತ್ತೆ ಸುಸ್ತು ಎಂದು ಬರುತ್ತಾರೆ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಯಾವುದೇ ರಕ್ತಪರೀಕ್ಷೆಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಥೈರಾಯ್ಡ್, ಹೃದಯಾಘಾತ ಪತ್ತೆಯ ಟ್ರೊಪೊನಿನ್ ಅಂಕಿಗಳನ್ನು ಅದು ಅಡ್ಡಾದಿಡ್ಡಿ ತೋರಿಸಬಲ್ಲದು.